ಶಿಲುಬೆಯ ಮೇಲಿನ ರೂಪ

ಕುಷ್ಟಗಿಯ ಈಶಾನ್ಯ ದಿಕ್ಕಿಗೆ, ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ಲು ಎಂಬ ಊರಿದೆ. ಕೋಟೆಗೂ ಮೊಹರಮ್ಮಿಗೂ ಹೆಸರಾದ ಆ ಊರಿನಲ್ಲಿ ಕಥೋಲಿಕ ಕ್ರೈಸ್ತರ ಹಳೆಯ ನೆಲೆಯೊಂದುಂಟು. ಬಿಜಾಪುರದ ಆದಿಲಶಾಹಿಗಳು ಆಳುತ್ತಿದ್ದ ಹದಿನಾರನೆಯ ಶತಮಾನದಲ್ಲಿ, ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ಅದು ಮೊದಲಾಯಿತೆಂದು ಪ್ರತೀತಿ. ಇಂದು ಕೊಪ್ಪಳ, ರಾಯಚೂರು ಜಿಲ್ಲೆಗಳ ಕಥೋಲಿಕರು 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದವರು.

ಕಥೋಲಿಕರ ದೇವಾಲಯವನ್ನು ಹೊಕ್ಕವರ ಕಣ್ಣು ಬಲಿಪೀಠದ ಬಳಿಯ ಶಿಲುಬೆಯ ಮೇಲೆ ನಿಲ್ಲುತ್ತದೆ. ಅದು ಬರಿಯ ಶಿಲುಬೆಯಲ್ಲ. ಕೈಗಳನ್ನು ಚಾಚಿ, ತಲೆಯನ್ನು ಬಾಗಿಸಿ, ಮೊಳೆಗಳ ಮೇಲೆ ತೂಗುವ ಯೇಸುವಿನ ರೂಪ ಅದರ ಮೇಲಿದೆ. ಕಿರೀಟ, ಆಯುಧ, ಅಭಯಹಸ್ತಗಳಿಂದ ಶೋಭಿಸುವ ಮೂರ್ತಿಗಳನ್ನು ಕಂಡ ಕಣ್ಣಿಗೆ ಈ ನೋಟ ವಿಚಿತ್ರವೆನಿಸಬಹುದು. ನೊಂದು, ಸೋತು, ಸತ್ತವನ ರೂಪವನ್ನು ಪೂಜೆಯ ಸ್ಥಳದಲ್ಲಿ ಇರಿಸುವುದೇಕೆ?

ಶಿಲುಬೆಯು ಮೊದಲಿಗೆ ಪವಿತ್ರ ಚಿಹ್ನೆಯಾಗಿರಲಿಲ್ಲ. ಅದು ರೋಮನ್ನರ ಮರಣದಂಡನೆಯ ಸಾಧನ. ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಅವಮಾನದ ಸಾವು. ರೋಮನ್ ಅಧಿಕಾರಿ ಪಿಲಾತನ ಅಪ್ಪಣೆಯಂತೆ ಯೇಸುವಿಗೆ ಈ ಶಿಕ್ಷೆಯಾಯಿತು. ಶಿಲುಬೆಯ ತುದಿಯಲ್ಲಿ ಕಾಣುವ ನಾಲ್ಕು ಲ್ಯಾಟಿನ್ ಅಕ್ಷರಗಳು ‘ಯೆಹೂದ್ಯರ ಅರಸನಾದ ನಜರೇತಿನ ಯೇಸು’ ಎಂಬ ಆಪಾದನೆಯ ಫಲಕವನ್ನು ಸೂಚಿಸುತ್ತವೆ. ಆದಿಯ ಕ್ರೈಸ್ತರು ಈ ದೃಶ್ಯವನ್ನು ಚಿತ್ರಿಸಲು ಹಿಂಜರಿದರು. ಮೀನು, ಲಂಗರುಗಳೇ ಅವರ ಗುರುತುಗಳಾಗಿದ್ದವು. ರೋಮಿನ ಸಾಂತಾ ಸಬೀನಾ ದೇವಾಲಯದ ಮರದ ಬಾಗಿಲಿನಲ್ಲಿರುವ, ಐದನೆಯ ಶತಮಾನದ ಕೆತ್ತನೆಯು ಈ ದೃಶ್ಯದ ಅತಿ ಹಳೆಯ ರೂಪಗಳಲ್ಲೊಂದು. ಅದರಲ್ಲಿ ಯೇಸು ಕಣ್ಣು ತೆರೆದು ನಿಂತಿದ್ದಾನೆ. ಜರ್ಮನಿಯ ಕಲೋನಿನಲ್ಲಿರುವ, ಹತ್ತನೆಯ ಶತಮಾನದ ಶಿಲುಬೆಯಲ್ಲಾದರೋ ಕಣ್ಣು ಮುಚ್ಚಿದೆ, ಕೊರಳು ಕುಸಿದಿದೆ. ಹೀಗೆ ಕಲೆಯು ನಿಧಾನವಾಗಿ ಅವನ ನೋವನ್ನು ಮರೆಮಾಡದೆ ತೋರಲು ಕಲಿಯಿತು.

ಕಥೋಲಿಕ ವಿಶ್ವಾಸದ ತಿರುಳು ಇಲ್ಲಿದೆ. ದೇವರು ಮನುಷ್ಯನ ದುಃಖವನ್ನು ದೂರದಿಂದ ನೋಡುತ್ತ ಕುಳಿತಿರಲಿಲ್ಲ. ತಾನೇ ಮನುಷ್ಯನಾಗಿ ಬಂದು ಅದನ್ನು ಉಂಡನು ಎಂಬುದು ಆ ವಿಶ್ವಾಸ. ಪ್ರಾಣ ಹೋಗುವ ಹೊತ್ತಿನಲ್ಲಿಯೂ ಯೇಸು ತನ್ನನ್ನು ಕೊಲ್ಲುವವರಿಗೆ ಕ್ಷಮೆಯನ್ನು ಬೇಡಿದನು. ಆದುದರಿಂದ ಭಕ್ತರಿಗೆ ಆ ರೂಪ ಸೋಲಿನದಲ್ಲ, ಪ್ರೀತಿಯ ಅಳತೆ. ಶುಭ ಶುಕ್ರವಾರದಂದು ಅವರು ಬಲಿಪೂಜೆಯನ್ನು ಅರ್ಪಿಸುವುದಿಲ್ಲ. ಒಬ್ಬೊಬ್ಬರಾಗಿ ಬಂದು ಶಿಲುಬೆಗೆ ಮುತ್ತಿಡುತ್ತಾರೆ. ಮರಣಶಯ್ಯೆಯಲ್ಲಿರುವವರ ಕೈಗೆ ಚಿಕ್ಕ ಶಿಲುಬೆಯನ್ನು ಕೊಡುವ ರೂಢಿಯೂ ಉಂಟು. ಈ ಯಾತನೆಯ ದಾರಿಯಲ್ಲಿ ನೀನು ಒಂಟಿಯಲ್ಲ ಎಂಬುದೇ ಅದರ ಸಾಂತ್ವನ.

ಅನೇಕ ಪ್ರಾಟೆಸ್ಟಂಟ್ ಸಭೆಗಳಲ್ಲಿ ರೂಪವಿಲ್ಲದ ಶಿಲುಬೆಯನ್ನೇ ಕಾಣುತ್ತೇವೆ. ಯೇಸು ಪುನರುತ್ಥಾನ ಹೊಂದಿದನು, ಈಗ ಅವನು ಶಿಲುಬೆಯ ಮೇಲಿಲ್ಲ ಎಂಬುದು ಅವರ ಭಾವನೆ. ಕಥೋಲಿಕರೂ ಪುನರುತ್ಥಾನವನ್ನು ನಂಬುವವರೇ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಕಣ್ಣೆದುರು ಇರಿಸಿಕೊಳ್ಳಬೇಕೆನ್ನುತ್ತಾರೆ. ಮರಕ್ಕೋ ಲೋಹಕ್ಕೋ ಅವರು ಕೈಮುಗಿಯುವುದಿಲ್ಲ. ಪ್ರತಿಮೆಗೆ ಸಲ್ಲುವ ಗೌರವ ಅದು ಸೂಚಿಸುವ ವ್ಯಕ್ತಿಗೆ ಸಲ್ಲುತ್ತದೆ ಎಂದು ಕ್ರಿ.ಶ. 787ರ ನೈಸಿಯಾ ಮಹಾಸಭೆ ಸ್ಪಷ್ಟಪಡಿಸಿತು.

ಈ ನೋವಿನ ಕಥೆ ಒಂದು ಮತದವರ ಮನಸ್ಸನ್ನಷ್ಟೇ ಮುಟ್ಟಿದುದಲ್ಲ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದರು. ಮುದಗಲ್ಲಿನಲ್ಲಿಯೇ, ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರನ್ನು ನೆನೆದು ಹಿಂದೂ ಮುಸಲ್ಮಾನರು ಒಟ್ಟಾಗಿ ಮೊಹರಮ್ಮನ್ನು ಆಚರಿಸುತ್ತಾರೆ. ಎರಡು ಮತಗಳ ಅರ್ಥ ಬೇರೆ ಬೇರೆಯಾದರೂ, ಅನ್ಯಾಯವಾಗಿ ಸತ್ತವರನ್ನು ಮರೆಯಬಾರದೆಂಬ ಹಂಬಲ ಎರಡರಲ್ಲಿಯೂ ಉಂಟು.

ಶಿಲುಬೆಯನ್ನು ಕೊರಳಿನ ಒಡವೆಯಾಗಿ ಧರಿಸುವುದು ಸುಲಭ. ಅದರ ಮೇಲಿನ ರೂಪವನ್ನು ಕಂಡು, ನೆರೆಮನೆಯ ರೋಗಿಯನ್ನೂ ಬೀದಿಯ ಹಸಿದವನನ್ನೂ ಮರೆತರೆ, ಕಂಡೂ ಕಾಣದಂತೆಯೇ ಸರಿ. ನೊಂದವರ ಮುಖದಲ್ಲಿ ಆ ಮುಖವನ್ನೇ ಗುರುತಿಸುವವರಿಗೆ ಮಾತ್ರ ಶಿಲುಬೆಯ ಅರ್ಥ ದಕ್ಕುತ್ತದೆ.