ನೀನು ಕಾಲಿಡದ ಓಣಿ

ಮಗಳೇ, ಡಿಗ್ರಿಗೆ ಮಾನವಶಾಸ್ತ್ರ ತಗೊಂಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಹೇಳುವಾಗ ಮುಖ ಸಪ್ಪಗಿತ್ತು. ಕಾಲೇಜು ಸಣ್ಣದು, ಆ ವಿಷಯಕ್ಕೆ ಇರೋದು ಒಬ್ಬರೇ ಮೇಷ್ಟ್ರು, ಪುಸ್ತಕ ಒಂದು ಬೀರುವಿನಷ್ಟು, ಪ್ರಾಕ್ಟಿಕಲ್‌ಗೆ ತಲೆಬುರುಡೆಯ ಮಾದರಿಯೂ ಇಲ್ಲ ಅಂತ ನೀನೇ ಕೊರಗಿದೆಯಂತೆ. ಅದಕ್ಕೇ ಈ ನಾಲ್ಕು ಮಾತು.

ನೌಕರಿಯ ಮಾತು ಮೊದಲು ಮುಗಿಸಿಬಿಡೋಣ. ಮುಂದೆ ಓದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ, ಮೈಸೂರಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. 1945ರಲ್ಲಿ ಶುರುವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಒಂದು ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದನ್ನು ಐಚ್ಛಿಕವಾಗಿ ತಗೊಂಡರೆ ಎರಡು ಪತ್ರಿಕೆ, 500 ಅಂಕ, ಕನ್ನಡದಲ್ಲೂ ಬರೆಯಬಹುದು. ಇಷ್ಟನ್ನು ನಿಮ್ಮಪ್ಪನಿಗೆ ಹೇಳು, ಸಮಾಧಾನವಾದೀತು. ಆದರೆ ಕೋಚಿಂಗ್ ನೋಟ್ಸ್ ಕೈಗೆ ಬಂತೆಂದು ಅದನ್ನೇ ಮಾನವಶಾಸ್ತ್ರ ಅಂದುಕೊಳ್ಳಬೇಡ.

ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವಾಗ ತೆಕ್ಕಲಕೋಟೆಯ ಬಂಡೆಗುಡ್ಡ ಎಷ್ಟು ಸಲ ನೋಡಿಲ್ಲ ನೀನು! 1963-64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕಡೆಯಿಂದ ಅಲ್ಲಿ ಉತ್ಖನನ ನಡೆಸಿದವರು ಇಬ್ಬರು. ಒಬ್ಬರು ಪುರಾತತ್ವದ ಎಂ.ಎಸ್. ನಾಗರಾಜರಾವ್, ಇನ್ನೊಬ್ಬರು ನಿನ್ನ ಶಾಸ್ತ್ರದವರೇ ಆದ ಕೆ.ಸಿ. ಮಲ್ಹೋತ್ರಾ. 3500 ವರ್ಷಕ್ಕೂ ಹಿಂದೆ ಆ ಗುಡ್ಡದ ಮೇಲೆ ಬಂಡೆಗಳ ಸಂದಿಯಲ್ಲಿ ದನ ಕಟ್ಟಿಕೊಂಡು ಬದುಕಿದವರ ದುಂಡನೆಯ ಮನೆಗಳ ನೆಲ ಅಲ್ಲಿ ಸಿಕ್ಕಿತು. ನೆಲವೇನೋ ಸಿಕ್ಕಿತು, ಅದರ ಮೇಲೆ ಗೋಡೆ, ಚಾವಣಿ ಹೇಗೆ ನಿಂತಿತ್ತು ಅಂತ ಮಣ್ಣು ಹೇಳುವುದಿಲ್ಲ. ಅದನ್ನು ತಿಳಿಯಲು ಅವರು ಸುತ್ತಮುತ್ತಲ ಬೋಯರ ಗುಡಿಸಲುಗಳನ್ನು ನೋಡಿದರು. ಓದು ಬರಹ ಇಲ್ಲದವರು ಅಂತ ನಾವು ಪಕ್ಕಕ್ಕಿಟ್ಟ ಜನ ಕಟ್ಟಿಕೊಂಡ ಮನೆ ವಿದ್ವಾಂಸರಿಗೆ ದಾರಿ ತೋರಿಸಿತು. 1965ರಲ್ಲಿ ಅದರ ಪುಸ್ತಕವೂ ಬಂತು. ನಿನ್ನ ಮೇಷ್ಟ್ರನ್ನು ಕೇಳು, ಆ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಾರೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಮ್ಮೂ ಇದೆ, ಸಂಗನಕಲ್ಲಿನ ಕಲ್ಲುಕೊಡಲಿಗಳನ್ನು ಅಲ್ಲಿ ನೋಡು. ದೊಡ್ಡ ಕಾಲೇಜಿನಲ್ಲಿ ನೂರು ಹುಡುಗರ ನಡುವೆ ಮೇಷ್ಟ್ರು ಹೀಗೆ ಜೊತೆಗೆ ಬರುವುದು ಕಷ್ಟ. ನಿನ್ನ ನೋಟ್‌ಬುಕ್ಕನ್ನು ಸಾಲು ಸಾಲು ಓದಿ ತಿದ್ದುವವರು ಸಿಕ್ಕಿದ್ದಾರೆ ಅಂದರೆ ಅದು ಕಡಿಮೆ ಭಾಗ್ಯವಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಈ ಶಾಸ್ತ್ರ ಓದುವವರಿಗೆ ದೂರದ ಕಾಡು, ದೂರದ ದ್ವೀಪದ ಮೇಲೆ ಕಣ್ಣು. ನೀನು ಹಚ್ಚೊಳ್ಳಿಯಲ್ಲೇ ಹುಟ್ಟಿ ಬೆಳೆದವಳು, ಊರೆಲ್ಲ ಗೊತ್ತು ಅನ್ನುತ್ತೀಯ. ಎಲ್ಲಾ ಓಣಿಗೂ ಹೋಗಿದ್ದೀಯಾ? ಯಾವ ಓಣಿಯಲ್ಲಿ ಇಂದಿನವರೆಗೆ ಒಂದು ಲೋಟ ನೀರು ಕುಡಿದಿಲ್ಲವೋ, ನಿನ್ನ ಓದು ಅಲ್ಲಿಂದ ಶುರುವಾಗಬೇಕು.

ಎಂ.ಎನ್. ಶ್ರೀನಿವಾಸ್ ಮೈಸೂರಿನವರು, ಈ ದೇಶ ಕಂಡ ದೊಡ್ಡ ಮಾನವಶಾಸ್ತ್ರಜ್ಞರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ನಿಂತರು. ಪುಸ್ತಕದಲ್ಲಿ ಅದಕ್ಕೆ ರಾಮಪುರ ಅಂತ ಹೆಸರಿಟ್ಟರು. ಉಳಿದುಕೊಂಡದ್ದು ಊರ ಪಟೇಲರ ಆಶ್ರಯದಲ್ಲಿ. ತಾನು ಬ್ರಾಹ್ಮಣ, ಇರುವುದು ಮೇಲಿನವರ ನಡುವೆ, ಹಾಗಾಗಿ ಊರನ್ನು ಕಂಡದ್ದೂ ಹೆಚ್ಚಾಗಿ ಅವರ ಕಣ್ಣಿನಿಂದಲೇ ಅಂತ ಅವರೇ ಮುಚ್ಚುಮರೆಯಿಲ್ಲದೆ ಬರೆದರು. ಅಂಥವರಿಗೇ ಹಾಗಾಯಿತು ಅಂದಮೇಲೆ ನೀನು ಎಲ್ಲಿ ಕೂತು ನೋಡುತ್ತಿದ್ದೀಯ ಅನ್ನುವುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊ. ನಿನ್ನ ಜಾತಿ, ನಿಮ್ಮಪ್ಪನ ಹೊಲ, ನೀನು ಹೆಣ್ಣುಮಗಳು ಅನ್ನೋದು, ಎಲ್ಲವೂ.

ನೋಟ್‌ಬುಕ್ಕಿಗೆ ಇನ್ನೊಂದು ಪ್ರತಿ ಇರಲಿ. ಶ್ರೀನಿವಾಸರು ವರ್ಷಗಟ್ಟಲೆ ಜೋಡಿಸಿದ ಟಿಪ್ಪಣಿ 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಹೋಯಿತು. ಕೊನೆಗೆ ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು.

ಕೆಲಸ ಎಲ್ಲಿ ಸಿಗುತ್ತದೆ ಅಂತೀಯಾ? ನಮ್ಮ ತಾಲ್ಲೂಕಿಗೆ ತುಂಗಭದ್ರೆ ಕಾಲುವೆ ಬಂತು, ಜೋಳ ಸಜ್ಜೆಯ ಹೊಲ ನೆಲ್ಲಿನ ಗದ್ದೆಯಾಯಿತು, ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿಕೊಂಡರು. ಕ್ಯಾಂಪಿನವರಿಗೂ ಊರವರಿಗೂ ಕೊಡುಕೊಳ್ಳುವುದು ಏನು, ಹಬ್ಬದಲ್ಲಿ ಯಾರು ಯಾರ ಮನೆಗೆ ಹೋಗುತ್ತಾರೆ? ಸಸಿ ಹಚ್ಚುವ ಹೆಣ್ಣಾಳುಗಳು ಎಕರೆಗಿಷ್ಟು ಅಂತ ಗುತ್ತಿಗೆ ಹಿಡಿಯುವಾಗ ಮಾತಾಡುವವಳು ಯಾರು, ದುಡ್ಡು ಹಂಚುವಾಗ ಮುದುಕಿಗೂ ಹರೆಯದವಳಿಗೂ ಸಮಪಾಲೇ? ಕೂತು ಕೇಳು. ಮಂಡ್ಯದ ಕಡೆ 1954ರಿಂದ 56ರವರೆಗೆ ಸ್ಕಾರ್ಲೆಟ್ ಎಪ್ಸ್ಟೀನ್ ಅನ್ನುವ ಹೆಣ್ಣುಮಗಳು ಎರಡು ಹಳ್ಳಿ ಅಭ್ಯಾಸ ಮಾಡಿದಳು. ಒಂದಕ್ಕೆ ಕಾಲುವೆ ನೀರು ಹತ್ತಿತ್ತು, ಇನ್ನೊಂದು ಒಣಭೂಮಿಯಾಗೇ ಉಳಿದಿತ್ತು. ನೀರು ಬಂದ ಊರಲ್ಲಿ ಹಳೇ ಕಟ್ಟುಪಾಡು ಹೆಚ್ಚು ಉಳಿಯಿತು. ನೀರಿಲ್ಲದ ಊರಿನವರೇ ಹೊರಗೆ ದುಡಿಯಲು ಹೋಗಿ ಬದಲಾದರು. ಇಲ್ಲೂ ಹಾಗೇ ಆಯಿತಾ? ಕಾಲುವೆಯ ಕೊನೆ ಭಾಗದ ಊರುಗಳಲ್ಲಿ ಕೇಳಿ ನೋಡು, ಬೇರೆಯೇ ಉತ್ತರ ಬಂದರೂ ಬಂದೀತು.

ಮನೆಯಿಂದಲೇ ಕೈ ಪಳಗಿಸಿಕೊ. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ ಹಾಕಿ ನಿಮ್ಮ ಮನೆತನ ಬರೆ. ಅಕ್ಕನ ಮಗಳನ್ನೇ ತಂದುಕೊಂಡ ಕಡೆ ಗೆರೆ ಹಿಂದಕ್ಕೆ ತಿರುಗಿ ಅದೇ ಮನೆಗೆ ಬಂದು ಕೂಡುತ್ತದೆ, ಇದ್ದ ಜಾಗ ಸಾಲುವುದಿಲ್ಲ. ಆಗ ಅಜ್ಜಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆ ಮದುವೆ ಯಾಕಾಯಿತು ಅಂತ ಕೇಳು. ಹೊಲ ಒಡೆಯಬಾರದೆಂದೋ, ತವರು ದೂರಾಗಬಾರದೆಂದೋ, ಅವಳೇ ಹೇಳಲಿ. ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊ. ಪರೀಕ್ಷೆಯ ಭಾಷೆಗೆ ಆಮೇಲೆ ತಿರುಗಿಸಿದರಾಯಿತು.

ಎರಡು ಮಾತು ಮರೆಯಬೇಡ. ಕೇಳದೆ ಯಾರ ಫೋಟೋನೂ ತೆಗೀಬೇಡ, ದನಿನೂ ರೆಕಾರ್ಡ್ ಮಾಡಬೇಡ. ಒಬ್ಬಳು ನಂಬಿ ಹೇಳಿದ ಸಂಕಟ ಇನ್ನೊಂದು ಓಣಿಗೆ ಮುಟ್ಟಬಾರದು, ಅದಕ್ಕೇ ಹೆಸರು ಬದಲಿಸಿ ಬರೆ. ಬರೆದದ್ದು ಮುಗಿದಮೇಲೆ ಹೇಳಿದವರ ಮುಂದೆಯೇ ಕೂತು ಓದು. ಅವರು ‘ಇದು ಹಂಗಲ್ಲಮ್ಮ’ ಅಂದರೆ ಆ ಪುಟಕ್ಕೆ ಗುರುತು ಹಾಕಿಕೊಂಡು, ಅವರು ಹೇಳಿದ್ದನ್ನು ಅದರ ಕೆಳಗೇ ಬರೆದುಕೊಂಡು ಬಾ.