ಟ್ರಾಕ್ಟರಿಗೆ ಹೊಸ ಫ್ಯಾನ್ ಬೆಲ್ಟ್ ಹಾಕಿದ ಮೇಲೆ ಸದ್ದು ಬಂದರೆ

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಟ್ರಾಕ್ಟರಿಗೆ ಬಿಡುವಿರುವುದಿಲ್ಲ. ಆದ್ದರಿಂದ ಅನೇಕ ರೈತರು ಉಳುಮೆ ಆರಂಭವಾಗುವ ಮೊದಲೇ ಸವೆದ ಫ್ಯಾನ್ ಬೆಲ್ಟನ್ನು ಬದಲಾಯಿಸುತ್ತಾರೆ. ಇದು ಒಳ್ಳೆಯ ಅಭ್ಯಾಸ. ಆದರೆ ಹೊಸ ಬೆಲ್ಟ್ ಹಾಕಿದ ಒಂದೆರಡು ದಿನಗಳಲ್ಲೇ ಎಂಜಿನ್ನಿನ ಮುಂಭಾಗದಿಂದ ಕಿರುಗುಟ್ಟುವ ಸದ್ದು ಕೇಳಿಬರುವುದುಂಟು. ಆಗ ಕೆಲವರು ಬೆಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಮತ್ತೆ ಕೆಲವರು ಕಳಪೆ ಮಾಲೆಂದು ಬಗೆದು ಇನ್ನೊಂದು ಬೆಲ್ಟ್ ತರುತ್ತಾರೆ.

ಎಲೆ ಹಳದಿಯಾದಾಗಲೆಲ್ಲ ಯೂರಿಯಾ ಹಾಕುವುದು ಹೇಗೆ ಸರಿಯಲ್ಲವೋ, ಸದ್ದು ಬಂದಾಗಲೆಲ್ಲ ಬೆಲ್ಟನ್ನು ಬಿಗಿ ಮಾಡುವುದೂ ಹಾಗೆಯೇ ಸರಿಯಲ್ಲ. ಮಿತಿಮೀರಿ ಬಿಗಿದ ಬೆಲ್ಟ್ ವಾಟರ್ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳನ್ನು ಒಂದೇ ಕಡೆಗೆ ಎಳೆಯುತ್ತದೆ. ವಾಟರ್ ಪಂಪಿನ ಬೇರಿಂಗ್ ಹೋದರೆ ಸೀಲು ಸೋರಿ ರೇಡಿಯೇಟರಿನ ನೀರು ಖಾಲಿಯಾಗುತ್ತದೆ. ಎಂಜಿನ್ ವಿಪರೀತ ಕಾದು ಹೆಡ್ ಗ್ಯಾಸ್ಕೆಟ್ ಸುಡಬಹುದು, ಸಿಲಿಂಡರ್ ಹೆಡ್ಡೇ ಬಿರುಕು ಬಿಡಬಹುದು. ಕೆಲವು ನೂರು ರೂಪಾಯಿಗಳ ಬೆಲ್ಟಿನಿಂದ ಆರಂಭವಾದ ತೊಂದರೆ ಸಾವಿರಾರು ರೂಪಾಯಿಗಳ ದುರಸ್ತಿಗೆ ಎಡೆಮಾಡುತ್ತದೆ. ಬಿತ್ತನೆಯ ಹದವೂ ತಪ್ಪುತ್ತದೆ. ಆದುದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಕಾರಣವನ್ನು ಗುರುತಿಸಬೇಕು.

ಬೆಲ್ಟ್ ಕೆಲಸ ಮಾಡುವ ಬಗೆ

ಬಹುಪಾಲು ಟ್ರಾಕ್ಟರುಗಳಲ್ಲಿ ಫ್ಯಾನ್, ವಾಟರ್ ಪಂಪ್ ಮತ್ತು ಆಲ್ಟರ್ನೇಟರುಗಳನ್ನು (ಹಳೆಯ ಟ್ರಾಕ್ಟರುಗಳಲ್ಲಿ ಡೈನಮೊ) ‘ವಿ’ ಆಕಾರದ ಒಂದೇ ಬೆಲ್ಟ್ ತಿರುಗಿಸುತ್ತದೆ. ಈ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ತನ್ನ ಎರಡು ಇಳಿಜಾರು ಪಕ್ಕಗಳಿಂದ. ಬೆಣೆಯಂತೆ ಅದು ಪುಲ್ಲಿಯ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಲ್ಟಿನ ತಳ ಗಾಡಿಯ ತಳಕ್ಕೆ ತಾಗಬಾರದು. ಗಾಡಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪುಲ್ಲಿ ಸವೆದಿದೆ, ಇಲ್ಲವೇ ಬೆಲ್ಟಿನ ಅಗಲ ಕಡಿಮೆಯಾಗಿದೆ ಎಂದು ತಿಳಿಯಬೇಕು. ಇಂತಹ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ಜಾರುವುದು ನಿಲ್ಲದು.

ಸದ್ದಿನಿಂದ ಕಾರಣದ ಸುಳಿವು

1. ಉದ್ದನೆಯ ಕೀರಲು ಸದ್ದು: ಎಂಜಿನ್ ಚಾಲೂ ಮಾಡಿದಾಗ ಅಥವಾ ವೇಗ ಹೆಚ್ಚಿಸಿದಾಗ ‘ಕಿರ್ರ್’ ಎಂದು ಎಳೆದಂತೆ ಬರುವ ಸದ್ದು ಬೆಲ್ಟ್ ಜಾರುತ್ತಿರುವುದರ ಗುರುತು. ಬೆಲ್ಟ್ ಸಡಿಲವಾಗಿರಬಹುದು, ಎಣ್ಣೆ ತಾಗಿರಬಹುದು ಅಥವಾ ಅಳತೆ ತಪ್ಪಾಗಿರಬಹುದು. ಬ್ಯಾಟರಿ ದುರ್ಬಲವಾಗಿದ್ದರೆ ಚಾಲೂ ಮಾಡಿದ ಮೇಲೆ ಆಲ್ಟರ್ನೇಟರಿನ ಮೇಲಿನ ಹೊರೆ ಹೆಚ್ಚುತ್ತದೆ. ಆಗ ಸದ್ದು ಸ್ವಲ್ಪ ಹೊತ್ತು ಬಂದು ನಿಲ್ಲುತ್ತದೆ.

2. ಬಿಡಿಬಿಡಿಯಾದ ‘ಚಿಕ್ ಚಿಕ್’ ಸದ್ದು: ಹಕ್ಕಿಯ ಕೂಗಿನಂತೆ ಲಯಬದ್ಧವಾಗಿ ಬರುವ ಈ ಸದ್ದು ಎಂಜಿನ್ ನಿಧಾನವಾಗಿ ತಿರುಗುವಾಗ ಸ್ಪಷ್ಟವಾಗಿ ಕೇಳುತ್ತದೆ. ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ.

3. ಗೊರಗೊರ ಸದ್ದು: ಇದು ಬಹುತೇಕ ಬೇರಿಂಗಿನದು. ಹಳೆಯ ಸಡಿಲ ಬೆಲ್ಟಿನಲ್ಲಿ ಕೇಳದಿದ್ದ ಸವೆದ ಬೇರಿಂಗಿನ ಸದ್ದು, ಹೊಸ ಬೆಲ್ಟ್ ಬಿಗಿಯಾಗಿ ಎಳೆದಾಗ ಹೊರಬೀಳುತ್ತದೆ.

4. ‘ಪಟ ಪಟ’ ಸದ್ದು: ಬೆಲ್ಟ್ ಯಾವುದಾದರೂ ಭಾಗಕ್ಕೆ ತಾಗುತ್ತಿರಬಹುದು, ಇಲ್ಲವೇ ಅದರ ಒಳಗಿನ ದಾರ ಹರಿದಿರಬಹುದು. ಸರಳಿನಿಂದ ಮೀಟಿ ಬೆಲ್ಟ್ ಏರಿಸಿದಾಗ ಈ ದಾರಗಳು ಹರಿಯುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ನೀರಿನ ಪರೀಕ್ಷೆ

ಮೊದಲೆರಡು ಸದ್ದುಗಳನ್ನು ಬೇರ್ಪಡಿಸಲು ಒಂದು ಸುಲಭ ವಿಧಾನವಿದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಪಕ್ಕದಲ್ಲಿ ದೂರ ನಿಂತು, ಬೆಲ್ಟಿನ ಒಳಮೈಗೆ ಸ್ವಲ್ಪ ಶುದ್ಧ ನೀರನ್ನು ಚಿಮ್ಮಿಸುವ ಬಾಟಲಿಯಿಂದ ಸಿಂಪಡಿಸಬೇಕು. ಆಲ್ಟರ್ನೇಟರಿನೊಳಗೆ ನೀರು ಹೋಗಬಾರದು.

ಸದ್ದು ಕೂಡಲೇ ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳ ನೇರ ತಪ್ಪಿರಬಹುದು. ನೀರು ಬಿದ್ದ ಕೂಡಲೇ ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ. ಏನೂ ವ್ಯತ್ಯಾಸ ಕಾಣದಿದ್ದರೆ ಬೇರಿಂಗುಗಳ ಕಡೆ ಗಮನ ಕೊಡಬೇಕು.

ಈ ಪರೀಕ್ಷೆ ಮಾಡುವಾಗ ಹೆಗಲ ಮೇಲಿನ ಟವೆಲ್, ಸಡಿಲವಾದ ಪಂಚೆ, ಸೀರೆಯ ಸೆರಗು ಫ್ಯಾನಿನ ಹತ್ತಿರ ಸುಳಿಯಬಾರದು. ಮಕ್ಕಳನ್ನು ದೂರ ಇಡಬೇಕು. ಇನ್ನುಳಿದ ಎಲ್ಲ ಕೆಲಸಗಳನ್ನೂ ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದು, ಎಂಜಿನ್ ಆರಿದ ಮೇಲೆ ಮಾಡಬೇಕು.

ಬೇರಿಂಗುಗಳ ಪರೀಕ್ಷೆ

ಬೆಲ್ಟನ್ನು ತೆಗೆದು ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಬೇಕು. ಅದು ನಯವಾಗಿ ತಿರುಗಬೇಕು. ಮರಳು ಸಿಕ್ಕಿದಂತೆ ಒರಟಾಗಿದ್ದರೆ ಅಥವಾ ಫ್ಯಾನಿನ ಎಲೆ ಹಿಡಿದು ಅಲುಗಿಸಿದಾಗ ಗಡಿಗಡಿಸಿದರೆ ಬೇರಿಂಗ್ ಸವೆದಿದೆ. ವಾಟರ್ ಪಂಪಿನ ಕೆಳಗೆ ನೀರಿನ ಕಲೆ ಇದ್ದರೆ ಸೀಲು ಸೋರುತ್ತಿದೆ ಎಂದು ತಿಳಿಯಬೇಕು.

ಸಂಶಯ ಉಳಿದರೆ ಬೆಲ್ಟ್ ಇಲ್ಲದೆಯೇ ಎಂಜಿನ್ನನ್ನು ಅರ್ಧ ನಿಮಿಷ ಮಾತ್ರ ಚಾಲೂ ಮಾಡಿ ಕೇಳಬೇಕು. ಸದ್ದು ಇಲ್ಲದಿದ್ದರೆ ದೋಷ ಬೆಲ್ಟಿನಲ್ಲೋ ಬೆಲ್ಟ್ ತಿರುಗಿಸುವ ಭಾಗಗಳಲ್ಲೋ ಇದೆ. ಸದ್ದು ಹಾಗೆಯೇ ಇದ್ದರೆ ಅದು ಎಂಜಿನ್ನಿನ ಒಳಗಿನದು, ಮೆಕ್ಯಾನಿಕ್ಕಿಗೆ ತೋರಿಸಬೇಕು. ಬೆಲ್ಟ್ ಇಲ್ಲದಿದ್ದಾಗ ನೀರಿನ ಚಲನೆ ಇರುವುದಿಲ್ಲವಾದ್ದರಿಂದ ಹೆಚ್ಚು ಹೊತ್ತು ಓಡಿಸಬಾರದು.

ಸರಿಪಡಿಸುವ ಕ್ರಮ

ಪುಲ್ಲಿಗಳ ನೇರ: ನೇರವಾದ ಪಟ್ಟಿ ಅಥವಾ ಬಿಗಿದ ದಾರವನ್ನು ಎರಡು ಪುಲ್ಲಿಗಳ ಮುಖಕ್ಕೆ ಹಿಡಿದು ನೋಡಬೇಕು. ಅಂಚುಗಳ ದಪ್ಪ ಬೇರೆಬೇರೆ ಇದ್ದರೆ ಗಾಡಿಗಳ ನಡುವನ್ನು ಲೆಕ್ಕಕ್ಕೆ ಹಿಡಿಯಬೇಕು. ಪುಲ್ಲಿಗಳ ನಡುವಿನ 30 ಸೆಂ.ಮೀ. ದೂರಕ್ಕೆ ಸುಮಾರು 2.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಲ್ಟರ್ನೇಟರ್ ಬಿಚ್ಚಿ ಜೋಡಿಸುವಾಗ ವಾಷರ್ ಬಿಟ್ಟುಹೋಗುವುದು, ಬ್ರಾಕೆಟ್ಟಿನ ಬುಷ್ ಸವೆಯುವುದು, ಬೋಲ್ಟ್ ಸಡಿಲವಾಗುವುದು ನೇರ ತಪ್ಪಲು ಮುಖ್ಯ ಕಾರಣಗಳು.

ಪುಲ್ಲಿಗಳ ಶುಚಿ: ಹಳೆಯ ಬೆಲ್ಟಿನ ರಬ್ಬರು, ಗ್ರೀಸು, ಎಣ್ಣೆ ಗಾಡಿಯಲ್ಲಿ ಅಂಟಿದ್ದರೆ ಹೊಸ ಬೆಲ್ಟೂ ಜಾರುತ್ತದೆ. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಶುದ್ಧ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಬೇಕು. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದನ್ನೂ ಪತ್ತೆಮಾಡಬೇಕು.

ಬಿಗಿತ: ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದಲ್ಲಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಅನೇಕ ಟ್ರಾಕ್ಟರುಗಳಲ್ಲಿ ಸುಮಾರು 10ರಿಂದ 15 ಮಿ.ಮೀ. ತಗ್ಗಬೇಕು. ಆಯಾ ಟ್ರಾಕ್ಟರಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಬೇಕು. ಹೊಸ ಬೆಲ್ಟ್ ಗಾಡಿಯಲ್ಲಿ ಕೂರುತ್ತಾ ಸ್ವಲ್ಪ ಹಿಗ್ಗುವುದರಿಂದ ಒಮ್ಮೆ ಬಿಗಿದರೆ ಸಾಲದು. ಅರ್ಧ ಗಂಟೆ ಓಡಿಸಿ, ಎಂಜಿನ್ ಆರಿದ ಮೇಲೆ ಒಮ್ಮೆ, ಒಂದು ದಿನದ ಕೆಲಸದ ನಂತರ ಮತ್ತೊಮ್ಮೆ ಬಿಗಿತವನ್ನು ನೋಡಬೇಕು. ಹೊಸ ಬೆಲ್ಟಿನ ಕೀರಲು ಸದ್ದು ಎಷ್ಟೋ ಸಲ ಈ ಎರಡನೆಯ ತಪಾಸಣೆ ತಪ್ಪಿದ್ದರ ಫಲವಾಗಿರುತ್ತದೆ.

ಮಾಡಬಾರದ ಕೆಲಸಗಳು

* ಸದ್ದು ಅಡಗಿಸಲು ಸಾಬೂನು, ಮೇಣ, ರಾಳ, ಎಣ್ಣೆ ಹಚ್ಚಬಾರದು. ಸದ್ದು ಕೆಲವು ಗಂಟೆ ನಿಲ್ಲಬಹುದು. ಆದರೆ ಧೂಳು ಅಂಟಿ ಬೆಲ್ಟ್ ಬೇಗ ಹಾಳಾಗುತ್ತದೆ.
* ಸೀಮೆಎಣ್ಣೆ, ಡೀಸೆಲ್, ಪೆಟ್ರೋಲಿನಿಂದ ಬೆಲ್ಟನ್ನು ಒರೆಸಬಾರದು. ಇವು ರಬ್ಬರನ್ನು ಕೆಡಿಸುತ್ತವೆ.
* ಬೆಲ್ಟನ್ನು ಮೀಟಿ ಏರಿಸಬಾರದು. ಆಲ್ಟರ್ನೇಟರಿನ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಎಂಜಿನ್ನಿನ ಕಡೆಗೆ ಸರಿಸಿ, ಬೆಲ್ಟನ್ನು ಕೈಯಿಂದಲೇ ಹಾಕಬೇಕು.
* ಜೋಡಿ ಬೆಲ್ಟುಗಳಿದ್ದರೆ ಒಂದನ್ನು ಮಾತ್ರ ಬದಲಾಯಿಸಬಾರದು. ಹೊಸದೊಂದೇ ಹೊರೆ ಹೊತ್ತು ಬೇಗ ಸವೆಯುತ್ತದೆ.

ಬೆಲ್ಟ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ಅದರ ಬೆನ್ನಿನ ಮೇಲಿನ ಸಂಖ್ಯೆಯನ್ನು ಕೈಪಿಡಿಯೊಂದಿಗೆ ತಾಳೆ ನೋಡಬೇಕು. ಹಳೆಯದು ಸವೆದು ಹಿಗ್ಗಿರುವುದರಿಂದ ಅಳತೆಗೆ ಅದನ್ನೇ ನಂಬಬಾರದು. ಸರಿಯಾದ ಅಳತೆಯ ಒಂದು ಬೆಲ್ಟನ್ನು ಸದಾ ಟ್ರಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಉಳುಮೆಯ ನಡುವೆ ಪಟ್ಟಣಕ್ಕೆ ಓಡುವ ಪ್ರಮೇಯ ಬರುವುದಿಲ್ಲ. ಸದ್ದು ಕೇಳಿದಾಗ ಮೊದಲು ಕಿವಿಗೊಟ್ಟು, ನಂತರ ನೀರಿನಿಂದ ಪರೀಕ್ಷಿಸಿ, ಕೊನೆಯಲ್ಲಿ ಸ್ಪ್ಯಾನರ್ ಹಿಡಿಯುವ ರೈತರಿಗೆ ಬೆಲ್ಟೂ ಬೇರಿಂಗೂ ಎರಡೂ ಉಳಿಯುತ್ತವೆ.