ಪೆಂಗ್ವಿನ್ ನೋಡಲು ಯಾವ ತಿಂಗಳು ಹೊರಡಬೇಕು?

ಮಕ್ಕಳೇ, ಹೀಗೊಂದು ಊಹೆ ಮಾಡಿಕೊಳ್ಳಿ. ಯಾರೋ ಪುಣ್ಯಾತ್ಮರು ನಿಮ್ಮ ತರಗತಿಯವರನ್ನೆಲ್ಲ ಹಡಗಿನಲ್ಲಿ ಕರೆದುಕೊಂಡು ಹೋಗಿ ಪೆಂಗ್ವಿನ್ ತೋರಿಸುತ್ತೇವೆ ಎಂದಿದ್ದಾರೆ. ಮೃಗಾಲಯದ ಪೆಂಗ್ವಿನ್ ಅಲ್ಲ. ಅದನ್ನು ನೋಡಲು ಮುಂಬಯಿಗೆ ರೈಲು ಹತ್ತಿದರೆ ಸಾಕು. ಅಲ್ಲಿನ ಬೈಕುಲ್ಲಾ ಮೃಗಾಲಯದಲ್ಲಿ 2016ರಿಂದ ಹಂಬೋಲ್ಟ್ ಪೆಂಗ್ವಿನ್‌ಗಳಿವೆ. ಇವರು ತೋರಿಸುವುದು ತನ್ನ ಊರಿನಲ್ಲಿ ತನ್ನ ಪಾಡಿಗೆ ಬದುಕುತ್ತಿರುವ ಪೆಂಗ್ವಿನ್. ಒಂದೇ ಷರತ್ತು: ಯಾವ ಜಾಗಕ್ಕೆ, ಯಾವ ತಿಂಗಳಲ್ಲಿ ಎಂಬುದನ್ನು ನೀವೇ ಆರಿಸಬೇಕು.

“ಬೇಸಿಗೆ ರಜೆಯಲ್ಲಿ ಹೋಗೋಣ ಸಾರ್, ಅಂಟಾರ್ಕ್ಟಿಕಾಕ್ಕೆ!” ಎಂದು ನೀವು ಕೂಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಹಾಗೆ ಆರಿಸಿದರೆ ಹಡಗೇ ಸಿಗುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿಗೆ ಪ್ರವಾಸಿ ಹಡಗುಗಳು ಹೋಗುವುದಿಲ್ಲ. ಹೋದರೂ, ಮರಿಗಳಿಂದ ಗಿಜಿಗುಡುತ್ತಿದ್ದ ದಡಗಳು ಆ ಹೊತ್ತಿಗೆ ಬಹುಪಾಲು ಖಾಲಿ. ಏಕೆ? ಇದಕ್ಕೆ ಉತ್ತರ ತಿಳಿಯಬೇಕಾದರೆ ಪೆಂಗ್ವಿನ್ ತನ್ನ ವರ್ಷವನ್ನು ಹೇಗೆ ಕಳೆಯುತ್ತದೆ ಎಂಬುದನ್ನು ತಿಳಿಯಬೇಕು.

ಅಲ್ಲಿ ಬೇಸಿಗೆ ಯಾವಾಗ?

ಶಾಲೆಯ ಗ್ಲೋಬನ್ನು ಮೇಜಿನ ಮೇಲಿಡಿ. ಅದರ ಕಂಬಿ ನೆಟ್ಟಗಿಲ್ಲ, ಓರೆಯಾಗಿದೆ. ಭೂಮಿಯ ಅಕ್ಷವೂ ಹೀಗೆಯೇ ಸುಮಾರು 23.5 ಡಿಗ್ರಿ ಓರೆ. ಕೋಣೆ ಕತ್ತಲೆ ಮಾಡಿ, ಗ್ಲೋಬಿನ ಕೆಳತುದಿ ವಾಲಿರುವ ಕಡೆಯಿಂದ ಟಾರ್ಚ್ ಬಿಡಿ. ಗ್ಲೋಬನ್ನು ಎಷ್ಟು ತಿರುಗಿಸಿದರೂ ದಕ್ಷಿಣ ಧ್ರುವ ಬೆಳಕಿನಲ್ಲೇ ಇರುತ್ತದೆ, ಉತ್ತರ ಧ್ರುವ ಕತ್ತಲೆಯಲ್ಲೇ ಇರುತ್ತದೆ. ಇದು ಡಿಸೆಂಬರ್ ತಿಂಗಳ ಸ್ಥಿತಿ. ನಮ್ಮಲ್ಲಿ ಬೆಳಿಗ್ಗೆ ಚಳಿಗೆ ಮುದುಡಿ ಕೂರುವ ಆ ದಿನಗಳೇ ದಕ್ಷಿಣ ಗೋಲಾರ್ಧಕ್ಕೆ ಬೇಸಿಗೆ. ನಮ್ಮ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಲ್ಲಿ ಕಡುಚಳಿಗಾಲ ಕಾಲಿಟ್ಟಿರುತ್ತದೆ.

ಪೆಂಗ್ವಿನ್‌ನಲ್ಲಿ ಸುಮಾರು 18 ಪ್ರಭೇದಗಳಿವೆ. ಹೆಚ್ಚುಕಡಿಮೆ ಎಲ್ಲವೂ ಸಮಭಾಜಕ ವೃತ್ತದಿಂದ ಕೆಳಗೇ ಇವೆ. ಕೆಲವು ಚಿತ್ರಪುಸ್ತಕಗಳಲ್ಲಿ ಬಿಳಿಕರಡಿ ಪಕ್ಕದಲ್ಲಿ ಪೆಂಗ್ವಿನ್ ನಿಂತಿರುತ್ತದೆ. ಅದನ್ನು ನಂಬಬೇಡಿ. ಕರಡಿ ಇರುವುದು ಭೂಮಿಯ ಮೇಲುತುದಿಯಲ್ಲಿ, ಪೆಂಗ್ವಿನ್ ಇರುವುದು ಕೆಳಭಾಗದಲ್ಲಿ.

ಪೆಂಗ್ವಿನ್ ನೆಲಕ್ಕೆ ಬರುವುದೇ ಅಪರೂಪ

ಪೆಂಗ್ವಿನ್ ಹಕ್ಕಿಯಾದರೂ ಸಮುದ್ರದ ಜೀವಿ. ಅದರ ಊಟ, ಓಡಾಟ ಎಲ್ಲ ನೀರಿನಲ್ಲೇ. ಆದರೆ ಎರಡು ಕೆಲಸಗಳಿಗೆ ಮಾತ್ರ ಅದು ದಡ ಹತ್ತಲೇಬೇಕು. ಒಂದು, ಮೊಟ್ಟೆಯಿಟ್ಟು ಮರಿ ಮಾಡಲು. ಮೊಟ್ಟೆಗೆ ಕಾವು ಬೇಕು, ನೀರಿನಲ್ಲಿ ಕಾವು ಎಲ್ಲಿಂದ ಬರಬೇಕು? ಎರಡು, ಗರಿ ಬದಲಿಸಲು. ಕೋಳಿ ತನ್ನ ಗರಿಗಳನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತದೆ. ಪೆಂಗ್ವಿನ್ ಹಾಗಲ್ಲ, ಎಲ್ಲವನ್ನೂ ಒಮ್ಮೆಗೇ ಬದಲಿಸುತ್ತದೆ. ಹೊಸ ಗರಿ ಪೂರ್ತಿ ಬರುವವರೆಗೆ ಅದರ ಮೈಗೆ ನೀರು ತಡೆಯುವ ಶಕ್ತಿಯಿಲ್ಲ. ತಣ್ಣನೆಯ ಕಡಲಿಗೆ ಇಳಿದರೆ ಸತ್ತೇ ಹೋದೀತು. ಆದ್ದರಿಂದ ಎರಡು ಮೂರು ವಾರ ಉಪವಾಸ ನಿಂತಿರುತ್ತದೆ.

ಅಂದಮೇಲೆ ಪೆಂಗ್ವಿನ್ ನೋಡಲು ಹೊರಡುವವರು ತಮ್ಮ ಪಂಚಾಂಗ ನೋಡಿದರೆ ಸಾಲದು, ಪೆಂಗ್ವಿನ್‌ನ ಪಂಚಾಂಗವನ್ನೂ ನೋಡಬೇಕು. ಆ ಪಂಚಾಂಗ ಎಲ್ಲ ಪ್ರಭೇದಗಳಿಗೂ ಒಂದೇ ಅಲ್ಲ.

ಮೊದಲು ಹೆಚ್ಚು ಜನ ಹೋಗುವ ಜಾಗವನ್ನೇ ನೋಡೋಣ. ಅಂಟಾರ್ಕ್ಟಿಕಾದ ನಕ್ಷೆಯಲ್ಲಿ ದಕ್ಷಿಣ ಅಮೆರಿಕದ ಕಡೆಗೆ ಬೆರಳಿನಂತೆ ಚಾಚಿಕೊಂಡಿರುವ ಭಾಗವೊಂದಿದೆ. ಅದೇ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪ. ಅರ್ಜೆಂಟೀನಾದ ದಕ್ಷಿಣ ತುದಿಯಲ್ಲಿರುವ ಉಶುವಾಯಾ ಬಂದರಿನಿಂದ ಹಡಗು ಹೊರಟು, ಡ್ರೇಕ್ ಜಲಸಂಧಿಯನ್ನು ದಾಟಿ ಅಲ್ಲಿಗೆ ಸೇರಲು ಸುಮಾರು ಎರಡು ದಿನ ಬೇಕು. ಅಲೆಗಳ ಅಬ್ಬರಕ್ಕೆ ಹೆಸರಾದ ಕಡಲು ಅದು. ಬಸ್ಸಿನಲ್ಲಿ ಘಾಟಿ ಹತ್ತುವಾಗ ವಾಂತಿ ಮಾಡುವವರು ಯೋಚಿಸಿಯೇ ಹೊರಡಬೇಕು! ಅಲ್ಲಿ ಮೂರು ಪ್ರಭೇದಗಳು ಮುಖ್ಯ: ಕಪ್ಪು ತಲೆಯ ಅಡೆಲಿ, ಗಲ್ಲದ ಕೆಳಗೆ ಗೆರೆಯಿರುವ ಚಿನ್‌ಸ್ಟ್ರಾಪ್, ಕಿತ್ತಳೆ ಕೊಕ್ಕಿನ ಜೆಂಟೂ.

ನವೆಂಬರ್‌ನಲ್ಲಿ ಹೋದರೆ ದಡದ ಮೇಲೆ ಇನ್ನೂ ಹಿಮ. ಪೆಂಗ್ವಿನ್‌ಗಳು ಬಂದು ಜಾಗ ಹಿಡಿಯುವ ಗಡಿಬಿಡಿಯಲ್ಲಿರುತ್ತವೆ. ಅಲ್ಲಿ ಹುಲ್ಲಿಲ್ಲ, ಕಡ್ಡಿಯಿಲ್ಲ. ಗೂಡಿಗೆ ಸಣ್ಣ ಕಲ್ಲುಗಳೇ ಗತಿ. ಕಲ್ಲಿನ ರಾಶಿ ಎತ್ತರವಾಗಿದ್ದರೆ ಹಿಮ ಕರಗಿದ ನೀರು ಮೊಟ್ಟೆಗೆ ತಾಗುವುದಿಲ್ಲ. ಹಾಗಾಗಿ ಒಂದೊಂದು ಕಲ್ಲಿಗೂ ಬೆಲೆ. ಪಕ್ಕದ ಗೂಡಿನವರು ಅತ್ತ ತಿರುಗಿದರೆ ಇತ್ತಲಿನವರು ಕಲ್ಲು ಕದಿಯುತ್ತಾರೆ! ಈ ಕಳ್ಳತನ ನೋಡಬೇಕೆಂದರೆ ನವೆಂಬರ್ ಸರಿ. ಆದರೆ ಮರಿ ಸಿಗುವುದಿಲ್ಲ. ದಕ್ಷಿಣದ ಕೆಲವು ಜಾಗಗಳಲ್ಲಿ ಸಮುದ್ರ ಇನ್ನೂ ಹೆಪ್ಪುಗಟ್ಟಿದ್ದು ಹಡಗಿಗೆ ದಾರಿಯಿರುವುದಿಲ್ಲ.

ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಕಾವಿನ ಕಾಲ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು 35 ದಿನ ಕಾವು. ತಂದೆ ತಾಯಿ ಪಾಳಿ ಮೇಲೆ ಕೂರುತ್ತವೆ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಅಡೆಲಿ ಮೊದಲು, ಚಿನ್‌ಸ್ಟ್ರಾಪ್ ಸ್ವಲ್ಪ ತಡ. ಆಗ ಅಲ್ಲಿ ಸೂರ್ಯ ಮುಳುಗುವುದು ಎರಡು ಮೂರು ಗಂಟೆ ಮಾತ್ರ, ಪೂರ್ತಿ ಕತ್ತಲಾಗುವುದೇ ಇಲ್ಲ. ಸಮುದ್ರದಲ್ಲಿ ಸೀಗಡಿಯಂಥ ಕ್ರಿಲ್ ಎಂಬ ಪುಟ್ಟ ಜೀವಿಗಳು ಕೋಟಿಗಟ್ಟಲೆ. ತಿಂದು ತಂದು ಮರಿಗೆ ಕಕ್ಕುವುದೇ ಹಿರಿಯರ ಕೆಲಸ. ಕ್ರಿಲ್ ತಿನ್ನುವುದರಿಂದ ಹಿಕ್ಕೆ ನಸುಗೆಂಪು. ಅದರ ವಾಸನೆ ಹಡಗು ದಡ ಸೇರುವ ಮೊದಲೇ ಮೂಗಿಗೆ ಬರುತ್ತದಂತೆ. ಚಿತ್ರಗಳಲ್ಲಿ ಈ ಒಂದು ವಿಷಯ ಗೊತ್ತಾಗುವುದಿಲ್ಲ!

ಜನವರಿ ಕೊನೆಗೆ ಮರಿಗಳ ಹಸಿವು ಎಷ್ಟೆಂದರೆ ತಂದೆ ತಾಯಿ ಇಬ್ಬರೂ ಕಡಲಿಗೆ ಹೋಗಬೇಕು. ಆಗ ಮರಿಗಳೆಲ್ಲ ಒಟ್ಟಿಗೆ ಗುಂಪುಗೂಡಿ ನಿಲ್ಲುತ್ತವೆ, ನಮ್ಮ ಅಂಗನವಾಡಿಯ ಹಾಗೆ. ಫೆಬ್ರವರಿಯಲ್ಲಿ ಮರಿಗಳು ತಾಯಿಯನ್ನು ಊಟಕ್ಕಾಗಿ ಅಟ್ಟಿಸಿಕೊಂಡು ಓಡುವ ತಮಾಷೆ, ಹತ್ತಿರದ ಕಡಲಲ್ಲಿ ತಿಮಿಂಗಿಲಗಳು. ಆದರೆ ಎಲ್ಲೆಡೆ ಕೆಸರು. ಮಾರ್ಚ್ ಹೊತ್ತಿಗೆ ಅಡೆಲಿಗಳು ಹೊರಟುಹೋಗಿರುತ್ತವೆ. ಉಳಿದ ಹಿರಿಯ ಹಕ್ಕಿಗಳು ಹರಿದ ಹಾಸಿಗೆಯಂತೆ ಗರಿ ಉದುರಿಸಿಕೊಂಡು ಸಪ್ಪೆಮೋರೆ ಹಾಕಿ ನಿಂತಿರುತ್ತವೆ.

ನನ್ನನ್ನು ಕೇಳಿದರೆ ಜನವರಿಯ ಮೊದಲ ಹದಿನೈದು ದಿನ ಎನ್ನುತ್ತೇನೆ. ಗೂಡೂ ಉಂಟು, ಮರಿಯೂ ಉಂಟು, ಬೆಳಕೂ ಉಂಟು. ನಿಮ್ಮ ಶಾಲೆಗೆ ಆಗ ರಜೆಯಿಲ್ಲ, ಅದು ಬೇರೆ ಮಾತು.

ನೋಡುವವರಿಂದ ಅಪಾಯ

ಇಲ್ಲೇ ಒಂದು ತೊಡಕಿದೆ. ನಮಗೆ ಅತಿ ಚೆನ್ನಾಗಿ ಕಾಣುವ ಆ ದಿನಗಳೇ ಪೆಂಗ್ವಿನ್‌ಗೆ ಅತಿ ಕಷ್ಟದ ದಿನಗಳು. ಸ್ಕೂವಾ ಎಂಬ ಕಂದು ಬಣ್ಣದ ದೊಡ್ಡ ಹಕ್ಕಿ ಮೇಲೆ ಸುತ್ತುತ್ತಿರುತ್ತದೆ. ನಾವು ತೀರ ಹತ್ತಿರ ಹೋದಾಗ ಹೆದರಿದ ತಾಯಿ ಅರೆಕ್ಷಣ ಎದ್ದರೂ ಸಾಕು, ಮೊಟ್ಟೆಯೋ ಮರಿಯೋ ಸ್ಕೂವಾದ ಬಾಯಿಗೆ. ಕಡಲಿನಿಂದ ಗೂಡಿಗೆ ನಡೆದು ನಡೆದು ಹಿಮದಲ್ಲಿ ಪೆಂಗ್ವಿನ್‌ಗಳು ಕಾಲುದಾರಿ ಮಾಡಿಕೊಂಡಿರುತ್ತವೆ. ಆ ದಾರಿಗೆ ನಾವು ಅಡ್ಡ ನಿಂತರೆ ಹೊಟ್ಟೆ ತುಂಬ ಊಟ ತಂದ ಹಕ್ಕಿ ಅಲ್ಲೇ ನಿಲ್ಲುತ್ತದೆ. ಅತ್ತ ಮರಿ ಕಾಯುತ್ತಿರುತ್ತದೆ.

ಆದ್ದರಿಂದಲೇ ನಿಯಮಗಳಿವೆ. ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್ ದೂರವಿರಬೇಕು. ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರವಾಸಿಗರಿಗಿಂತ ಹೆಚ್ಚು ಜನ ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ಇಳಿಯುವಂತೆಯೇ ಇಲ್ಲ. ಅವರು ದೂರದ ಹಡಗಿನಿಂದಲೇ ನೋಡಬೇಕು. ಆದ್ದರಿಂದ ತಿಂಗಳು ಆರಿಸಿದಷ್ಟೇ ಎಚ್ಚರಿಕೆಯಿಂದ ಹಡಗನ್ನೂ ಆರಿಸಬೇಕು. ದೊಡ್ಡ ಹಡಗು ಅಗ್ಗವಿರಬಹುದು, ಆದರೆ ಅದರಲ್ಲಿ ಪೆಂಗ್ವಿನ್ ಎಂದರೆ ದೂರದ ಕಪ್ಪು ಚುಕ್ಕೆ. 2023-24ರ ಒಂದೇ ಬೇಸಿಗೆಯಲ್ಲಿ ಅಂಟಾರ್ಕ್ಟಿಕಾಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಹೋಗಿದ್ದರು. ಈ ಲೆಕ್ಕ ನೋಡಿದರೆ ನಿಯಮಗಳು ಹೆಚ್ಚೆನಿಸುವುದಿಲ್ಲ. ಭಾರತವೂ 2022ರಲ್ಲಿ ಅಂಟಾರ್ಕ್ಟಿಕಾಕ್ಕೆ ಸಂಬಂಧಿಸಿದ ಕಾಯ್ದೆ ಮಾಡಿದೆ. ನಮ್ಮ ಮೈತ್ರಿ ಮತ್ತು ಭಾರತಿ ಕೇಂದ್ರಗಳಿಗೆ ಹೋಗುವ ವಿಜ್ಞಾನಿಗಳೂ ಅನುಮತಿಯಿಲ್ಲದೆ ಅಲ್ಲಿನ ಹಕ್ಕಿಗಳಿಗೆ ತೊಂದರೆ ಕೊಡುವಂತಿಲ್ಲ.

ಈಚೆಗೆ ಇನ್ನೊಂದು ಭಯ ಸೇರಿದೆ: ಹಕ್ಕಿಜ್ವರ. 2023ರ ಅಕ್ಟೋಬರ್‌ನಲ್ಲಿ ಅದು ಸೌತ್ ಜಾರ್ಜಿಯಾ ದ್ವೀಪದ ಸ್ಕೂವಾಗಳಲ್ಲಿ, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯ ಭೂಭಾಗದಲ್ಲಿ ಪತ್ತೆಯಾಯಿತು. ಪೆಂಗ್ವಿನ್‌ಗಳು ಸಾವಿರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಇರುವುದರಿಂದ ರೋಗ ಹಬ್ಬಲು ಹೆಚ್ಚು ಹೊತ್ತು ಬೇಡ. ನಮ್ಮ ಬೂಟಿಗಂಟಿದ ಹಿಕ್ಕೆಯೇ ರೋಗವನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸಬಹುದು. ಅದಕ್ಕಾಗಿ ಇಳಿಯುವ ಮೊದಲು ಮತ್ತು ಹತ್ತಿದ ಮೇಲೆ ಬೂಟುಗಳನ್ನು ಉಜ್ಜಿ, ಕ್ರಿಮಿನಾಶಕದಲ್ಲಿ ಅದ್ದಿ ತೊಳೆಯುತ್ತಾರೆ. ನೆಲದ ಮೇಲೆ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಚೀಲ ಇಡುವಂತಿಲ್ಲ.

ಬೇರೆ ಪಂಚಾಂಗದವರು

ಪೆಂಗ್ವಿನ್‌ಗಳಲ್ಲೇ ಅತಿ ಎತ್ತರದ ಎಂಪರರ್ ನೋಡಬೇಕೆಂದರೆ ಜನವರಿಯ ಸಲಹೆ ಕೆಲಸಕ್ಕೆ ಬರುವುದಿಲ್ಲ. ಇದರ ಪಂಚಾಂಗ ಪೂರ್ತಿ ತಿರುಗುಮುರುಗು. ಇದು ಮೊಟ್ಟೆಯಿಡುವುದು ಮೇ-ಜೂನ್ ತಿಂಗಳ ಕಡುಚಳಿಯಲ್ಲಿ, ಹೆಪ್ಪುಗಟ್ಟಿದ ಸಮುದ್ರದ ಮೇಲೆ. ಇರುವ ಒಂದೇ ಮೊಟ್ಟೆಯನ್ನು ಗಂಡು ತನ್ನ ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ, ಸುಮಾರು 65 ದಿನ ಏನೂ ತಿನ್ನದೆ ಕಾವು ಕೊಡುತ್ತದೆ. ಇಷ್ಟು ಕಷ್ಟ ಏಕೆ? ಮರಿ ದೊಡ್ಡದು, ಬೆಳೆಯಲು ಬಹಳ ದಿನ ಬೇಕು. ಚಳಿಗಾಲದಲ್ಲೇ ಮೊಟ್ಟೆಯಿಟ್ಟರೆ ಡಿಸೆಂಬರ್-ಜನವರಿಯಲ್ಲಿ, ಕಡಲಲ್ಲಿ ಆಹಾರ ತುಂಬಿರುವಾಗ, ಮರಿ ನೀರಿಗಿಳಿಯಲು ಸಿದ್ಧವಾಗುತ್ತದೆ. ಆದ್ದರಿಂದ ಎಂಪರರ್ ಮರಿ ನೋಡುವ ಪ್ರವಾಸಗಳು ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ವೆಡೆಲ್ ಸಮುದ್ರದ ಸ್ನೋ ಹಿಲ್ ದ್ವೀಪದ ಕಡೆಗೆ ಹೊರಡುತ್ತವೆ. ಹಿಮ ಒಡೆಯುವ ಹಡಗು ಬೇಕು, ಅಲ್ಲಿಂದ ಹೆಲಿಕಾಪ್ಟರ್ ಬೇಕು. ದಸರಾ ರಜೆ ತಡವಾಗಿ ಬಂದ ವರ್ಷ ಪ್ರಯತ್ನಿಸಬಹುದು ಎನ್ನಿ!

ಈ ಮರಿಗಳ ಬದುಕು ಹಿಮದ ಹಲಗೆ ಎಷ್ಟು ದಿನ ಗಟ್ಟಿಯಾಗಿರುತ್ತದೆ ಎಂಬುದರ ಮೇಲೆ ನಿಂತಿದೆ. 2022ರಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಹಿಮ ಬೇಗ ಒಡೆಯಿತು. ಮರಿಗಳಿಗೆ ಇನ್ನೂ ನೀರು ತಡೆಯುವ ಗರಿ ಬಂದಿರಲಿಲ್ಲ. ಅಲ್ಲಿನ ಐದು ನೆಲೆಗಳಲ್ಲಿ ನಾಲ್ಕರ ಮರಿಗಳು ಉಳಿಯಲಿಲ್ಲ ಎಂದು ಉಪಗ್ರಹ ಚಿತ್ರಗಳಿಂದ ವಿಜ್ಞಾನಿಗಳು ಕಂಡುಕೊಂಡರು.

ಎಂಪರರ್‌ನ ತಮ್ಮನಂತಿರುವ ಕಿಂಗ್ ಪೆಂಗ್ವಿನ್ ಮರಿ ಮಾಡಲು ಒಂದು ವರ್ಷಕ್ಕಿಂತ ಹೆಚ್ಚು, 14ರಿಂದ 16 ತಿಂಗಳು ತೆಗೆದುಕೊಳ್ಳುತ್ತದೆ. ಹಾಗಾಗಿ ಸೌತ್ ಜಾರ್ಜಿಯಾದ ಸೇಂಟ್ ಆಂಡ್ರೂಸ್ ಕೊಲ್ಲಿಗೆ ಹಡಗು ಹೋಗುವ ಯಾವ ತಿಂಗಳಲ್ಲಿ ಹೋದರೂ ಮೊಟ್ಟೆಯೋ ಕಂದು ತುಪ್ಪಳದ ಮರಿಯೋ ಕಂಡೇ ಕಾಣುತ್ತದೆ.

ಇನ್ನು ಬೇಸಿಗೆ ರಜೆಯನ್ನು ಬಿಡಲಾರೆವು ಎನ್ನುವವರಿಗೆ? ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಳಿಯ ಬೋಲ್ಡರ್ಸ್ ಕಡಲತೀರ ಇದೆ. ಅಲ್ಲಿ ಹಿಮವಿಲ್ಲ, ಮರದ ಕಾಲುಸೇತುವೆ ಮೇಲೆ ನಿಂತು ನೋಡಬಹುದು. ಆಫ್ರಿಕನ್ ಪೆಂಗ್ವಿನ್ ವರ್ಷವಿಡೀ ದಡದಲ್ಲಿ ಸಿಗುತ್ತದೆ, ಏಪ್ರಿಲ್-ಮೇ ಗೂಡುಗಳ ಕಾಲವೂ ಹೌದು. 1982ರಲ್ಲಿ ಎರಡು ಜೋಡಿಯಿಂದ ಶುರುವಾದ ನೆಲೆ ಅದು. ಆದರೆ ಇಡೀ ಪ್ರಭೇದದ ಲೆಕ್ಕ ತೆಗೆದರೆ ಈಗ 10,000 ಜೋಡಿಗಳೂ ಇಲ್ಲ. ಅವು ತಿನ್ನುವ ಬೂತಾಯಿಯಂಥ ಸಣ್ಣ ಮೀನು ಕಡಿಮೆಯಾಗಿರುವುದು ಮುಖ್ಯ ಕಾರಣ. 2024ರಲ್ಲಿ ಇದನ್ನು ಅಳಿವಿನ ತೀರ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿದರು. 2025ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯದ ಆದೇಶದಂತೆ ಆರು ನೆಲೆಗಳ ಸುತ್ತ ಈ ಮೀನುಗಳ ವಾಣಿಜ್ಯ ಮೀನುಗಾರಿಕೆಯನ್ನು ಹತ್ತು ವರ್ಷ ನಿಲ್ಲಿಸಲಾಗಿದೆ. ಇನ್ನು ಸಮಭಾಜಕ ವೃತ್ತದ ಮೇಲೇ ಇರುವ ಗಲಾಪಗೋಸ್ ದ್ವೀಪಗಳಲ್ಲೂ ವರ್ಷವಿಡೀ ಪೆಂಗ್ವಿನ್ ಉಂಟು. ಸುಡುಬಿಸಿಲಿನ ಊರಲ್ಲಿ ಪೆಂಗ್ವಿನ್ ಹೇಗೆ? ಕಡಲ ತಳದಿಂದ ಮೇಲೆ ಬರುವ ತಣ್ಣನೆಯ ನೀರು ಅವಕ್ಕೆ ಮೀನೂ ಕೊಡುತ್ತದೆ, ತಂಪೂ ಕೊಡುತ್ತದೆ.

ಇಷ್ಟೆಲ್ಲ ತಿಂಗಳು ಹೇಳಿದ ಮೇಲೆ ಒಂದು ಮಾತು ಬಾಕಿ ಇದೆ. ಈ ಪಂಚಾಂಗವೇ ಜರುಗುತ್ತಿದೆ. ಪರ್ಯಾಯ ದ್ವೀಪದ ಸುತ್ತ ವಿಜ್ಞಾನಿಗಳು ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ನೆಟ್ಟಿದ್ದಾರೆ. 2012ರಿಂದ 2022ರವರೆಗಿನ ಚಿತ್ರಗಳನ್ನು ಹೋಲಿಸಿದಾಗ, ಜೆಂಟೂಗಳು ಗೂಡಿನ ಜಾಗಕ್ಕೆ ಸರಾಸರಿ ಸುಮಾರು ಎರಡು ವಾರ ಮೊದಲೇ ಬರತೊಡಗಿರುವುದು ಕಂಡಿತು. ಅಡೆಲಿ, ಚಿನ್‌ಸ್ಟ್ರಾಪ್ ಕೂಡ ಬೇಗ ಬರುತ್ತಿವೆ. ಬಿಸಿ ಏರಿದ ಹಾಗೆ ಹಿಮ ಬೇಗ ಕರಗಿ ಕಲ್ಲುನೆಲ ಬೇಗ ಸಿಗುತ್ತಿದೆ. ಆದರೆ ಮರಿಗೆ ಬೇಕಾದ ಊಟವೂ ಅಷ್ಟೇ ಬೇಗ ಬರುತ್ತದೆಯೇ? ವಿಜ್ಞಾನಿಗಳು ಈಗ ಗಮನಿಸುತ್ತಿರುವುದು ಇದನ್ನೇ.

ನೀವೇ ಲೆಕ್ಕ ಹಾಕಿ

ಉತ್ತರಗಳನ್ನು ನಿಮ್ಮ ಗುರುಗಳಿಗೆ ತೋರಿಸಿ.

1. ಒಂದು ಜೆಂಟೂ ನವೆಂಬರ್ 20ರಂದು ಮೊಟ್ಟೆಯಿಟ್ಟಿತು. 35 ದಿನ ಕಾವು. ನೀವು ಡಿಸೆಂಬರ್ 28ರಂದು ಅಲ್ಲಿಗೆ ತಲುಪಿದರೆ ಮರಿಗೆ ಎಷ್ಟು ದಿನ ಆಗಿರುತ್ತದೆ?

2. ಹಡಗು ದಡದ ಬಳಿ 6 ಗಂಟೆ ನಿಲ್ಲುತ್ತದೆ. ಒಮ್ಮೆಗೆ 100 ಜನ ಮಾತ್ರ ಇಳಿಯಬಹುದು. ಎಲ್ಲರಿಗೂ ಸಮಪಾಲು ಸಮಯ ಕೊಟ್ಟರೆ, 180 ಜನರ ಹಡಗಿನಲ್ಲಿ ಒಬ್ಬರಿಗೆ ಎಷ್ಟು ಹೊತ್ತು ಸಿಗುತ್ತದೆ? 450 ಜನರ ಹಡಗಿನಲ್ಲಿ?

3. ಎಂಪರರ್ ಗಂಡು ಮೇ 28ರಂದು ಕಾವಿಗೆ ನಿಂತರೆ ಮರಿ ಹೊರಬರುವುದು ಯಾವ ದಿನ? ಆ ದಿನ ನಿಮ್ಮ ಶಾಲೆಯಲ್ಲಿ ಯಾವ ಪಾಠ ನಡೆಯುತ್ತಿರುತ್ತದೆ?

4. ಮೊದಲ ಲೆಕ್ಕದ ಜೆಂಟೂ ಎರಡು ವಾರ ಮೊದಲೇ ಮೊಟ್ಟೆಯಿಟ್ಟಿದ್ದರೆ, ಡಿಸೆಂಬರ್ 28ರಂದು ಬರುವ ನಿಮಗೆ ಏನು ಕಾಣುತ್ತಿತ್ತು? ಏನು ತಪ್ಪಿಹೋಗುತ್ತಿತ್ತು?